ಮೂರನೆಯ ಗುಂಪಿನ ಇಳಿಜಾರು

ಕಾಡುದಾರಿಯಲ್ಲಿ ಬೈಕ್ ಓಡಿಸುವುದನ್ನು ಕಲಿಸಿ ಎಂದು ಬರುವವರನ್ನು ಭಾವ, ಅಂದರೆ ನನ್ನ ಅಕ್ಕನ ಗಂಡ, ಮೂರು ಗುಂಪು ಮಾಡುತ್ತಿದ್ದರು. ಟಾರು ರಸ್ತೆ ಬಿಟ್ಟು ಇಳಿದೇ ಇಲ್ಲದವರು ಮೊದಲನೆಯ ಗುಂಪು. ಬಿದ್ದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸುವುದು ಅವರಿಗೆ ಮೊದಲ ಪಾಠ. ಮರಳಿನಲ್ಲಿ, ಕೆಸರಿನಲ್ಲಿ ಎದ್ದು ನಿಂತು ಓಡಿಸಬಲ್ಲವರು, ಪಂಕ್ಚರ್ ತಾವೇ ಹಾಕಿಕೊಳ್ಳಬಲ್ಲವರು ಎರಡನೆಯ ಗುಂಪು. ಕಡಿದಾದ ಕಲ್ಲಿನ ಇಳಿಜಾರು ಇಳಿಯುವವರು ಮೂರನೆಯದು. ಬಂದವರಿಗೆಲ್ಲ ಮೊದಲ ದಿನವೇ ಮೂರನೆಯದು ಬೇಕು. ಹೊಸ ಜಾಕೆಟ್ಟು, ಹೊಸ ಬೂಟು ಹಾಕಿಕೊಂಡು ಬಂದು ನೇರ ಹಿಮಾಲಯದ ಮಾತೆತ್ತುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಾವನಿಗೆ ಸಹನೆ ಇತ್ತು. "ಮೊದ್ಲು ಗಾಡಿ ಎತ್ತಪ್ಪ, ಆಮೇಲೆ ಬೆಟ್ಟ ಹತ್ತುವಂತೆ" ಎನ್ನುತ್ತಿದ್ದರು.

ನಮ್ಮದು ಬೋಗಾದಿಯಲ್ಲಿ ಮನೆ. ಕೆಳಗೆ ಅಕ್ಕ, ಭಾವ. ಮೇಲಿನ ಕೋಣೆಯಲ್ಲಿ ನಾನು. ವಾರವೆಲ್ಲ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು, ಭಾನುವಾರ ಭಾವನ ಹಿಂದೆ ಹಿಂದೆ.

ಹೋದ ವರ್ಷ ದಸರಾ ರಜೆಯಲ್ಲಿ ಮೂರನೆಯ ಗುಂಪನ್ನು ದೂರದ ಘಟ್ಟಕ್ಕೆ ಕರೆದೊಯ್ಯುವುದಿತ್ತು. ಅದಕ್ಕೆಂದೇ ಭಾವ ಹೊಸ ಬೈಕ್ ತಂದಿದ್ದರು. ಆಯುಧಪೂಜೆಯ ದಿನ ಗಾಡಿ ತೊಳೆಯುವುದು ನಮ್ಮ ಮನೆಯಲ್ಲಿ ಅಕ್ಕನ ಕೆಲಸ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ತೊಳೆದು, ಒರೆಸಿ, ಹೊಳೆಯುವ ಲೋಹಕ್ಕೆಲ್ಲ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ದೇವಿಯ ಮುಂದೆ ಗಾಡಿ ಮಂಕಾಗಿ ನಿಲ್ಲಬಾರದು ಎಂದು ಅವಳ ನಂಬಿಕೆ. ಹಳೆಯ ಬೈಕಿನ ಬ್ರೇಕು ಡ್ರಮ್ಮಿನೊಳಗೆ ಮುಚ್ಚಿಕೊಂಡಿತ್ತು. ಹೊರಗೆ ಎಷ್ಟು ಎಣ್ಣೆ ಸವರಿದರೂ ಏನೂ ಆಗುತ್ತಿರಲಿಲ್ಲ. ಹೊಸದಕ್ಕೆ ಎರಡು ಚಕ್ರಕ್ಕೂ ಡಿಸ್ಕು. ಬರಿಗಣ್ಣಿಗೆ ಕಾಣುವ ಉಕ್ಕಿನ ತಟ್ಟೆ, ಬ್ರೇಕು ಹಿಡಿಯುವುದೇ ಅದನ್ನು. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು ಪೂಜೆ ಮಾಡಿದೆವು.

ಮಾರನೆಯ ದಿನ ಬೆಳಿಗ್ಗೆ ಊರಾಚೆಯ ಹಾಳು ಕಲ್ಲುಕ್ವಾರಿಯಲ್ಲಿ ಕೊನೆಯ ಅಭ್ಯಾಸ. ದಾರಿಯ ರೋಡ್ ಹಂಪಿನಲ್ಲಿ ಭಾವ ನಿಧಾನಿಸಿ, "ಬ್ರೇಕ್ ಯಾಕೋ ಮಂಕು ಕಣೋ" ಎಂದರು. ನಾನು ನೋಡಲೇ ಎಂದು ಕೇಳಿದೆ. "ನೆನ್ನೆ ತೊಳೆದಿದ್ದಾಳಲ್ಲ, ನೀರು ಕೂತಿರ್ತದೆ. ನಾಕು ಸಲ ಹಿಡಿದ್ರೆ ಸರಿಹೋಗ್ತದೆ ಬುಡು" ಎಂದರು. ತೊಳೆದ ಗಾಡಿಗೆ ಹಾಗಾಗುವುದು ಉಂಟು.

ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಭಾವ ಕೆಳಗಿನ ಬಂಡೆಗೆ ಬೆನ್ನು ಕೊಟ್ಟು ಬಿದ್ದಿದ್ದರು. ಕಣ್ಣು ಬಿಟ್ಟುಕೊಂಡೇ ಇದ್ದರು, ಕಾಲು ಎಲ್ಲಿದೆ ಎಂದು ಕೇಳುತ್ತಿದ್ದರು. ಅವರನ್ನು ಆಂಬುಲೆನ್ಸಿನಲ್ಲಿ ಮಲಗಿಸಿ ಕಳಿಸಿದ ಮೇಲೆ ಬೈಕ್ ಎತ್ತಲು ಹೋದೆ. ಕೈಗೆ ಡಿಸ್ಕು ತಗುಲಿತು. ಬೆರಳು ಮೂಸಿದೆ. ಕೊಬ್ಬರಿ ಎಣ್ಣೆ.

ಆಸ್ಪತ್ರೆಯಲ್ಲಿ ಅಕ್ಕ ಹೊರಗೆ ಹೋಗುವುದನ್ನೇ ಕಾದು, ಬ್ರೇಕಿಗೆ ಏನಾಗಿತ್ತೆಂದು ಭಾವ ಕೇಳಿದರು. ಹೇಳಿದೆ. "ಮಾತು ಮನೆ ಕೆಡಿಸ್ತು ಅಂತಾರೆ. ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಅವಳು ಉಳಿಯಲ್ಲ ಕಣೋ" ಎಂದರು.

ಅಕ್ಕನಿಗೆ ಯಾರನ್ನಾದರೂ ಬಯ್ಯಬೇಕಿತ್ತು. ನಾನಿದ್ದೆ. "ಆ ಹಾಳು ಇಳಿಜಾರಿಗೆ ಕರ್ಕೊಂಡು ಹೋದೋನು ನೀನೇ ಕಣೋ. ನಿನ್ನ ಕಾಲು ನೆಟ್ಟಗಿದೆಯಲ್ಲ" ಎಂದಳು. ಭಾವ ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡರು. ಒಂದು ವರ್ಷ ಹೀಗೇ ನಡೆಯಿತು. ಭಾವನ ಬೆನ್ನು ಹುಣ್ಣಾಗದಂತೆ ಇಬ್ಬರೂ ಸೇರಿ ಮಗ್ಗುಲು ಬದಲಿಸುತ್ತಿದ್ದೆವು. ಆ ಕಡೆ ಅವಳು, ಈ ಕಡೆ ನಾನು. ನನ್ನ ಮುಖ ನೋಡುತ್ತಿರಲಿಲ್ಲ. ಎಷ್ಟೋ ಸಲ ಹೇಳಿಬಿಡಬೇಕೆಂದು ರೋಷ ಉಕ್ಕಿ ಬಂದಿದೆ. ಒಡಹುಟ್ಟಿದವಳು ಹಾಗೆ ಮುಖ ತಿರುಗಿಸಿದರೆ ಹೊಟ್ಟೆಗೆ ಅನ್ನ ಸೇರುವುದಿಲ್ಲ.

ಈ ವರ್ಷ ಭಾವ ಗಾಲಿಕುರ್ಚಿಯಲ್ಲಿ ಕೂತು ಅಂಗಳದಲ್ಲೇ ಮೊದಲನೆಯ ಗುಂಪಿಗೆ ಪಾಠ ಶುರು ಮಾಡಿದರು. ಆಯುಧಪೂಜೆಯ ಹಿಂದಿನ ದಿನ ದೇವರಾಜ ಮೊಹಲ್ಲಾದಿಂದ ಬರುವ ಹುಡುಗಿಯೊಬ್ಬಳು ಹೊಸ ಬೈಕ್ ನಿಲ್ಲಿಸಿ, "ಸರ್, ಬ್ರೇಕ್ ಸರಿಯಾಗಿ ಹಿಡೀತಿಲ್ಲ. ನಮ್ಮಮ್ಮ ಪೂಜೆಗೆ ಅಂತ ತೊಳೆದು, ಡಿಸ್ಕ್‌ಗೆಲ್ಲ ಎಣ್ಣೆ ಹಚ್ಚಿದ್ರು. ನೀರಿರ್ಬೇಕು ಅಲ್ವಾ?" ಎಂದಳು.

ಭಾವ ಬಾಗಿಲ ಕಡೆ ನೋಡಿದರು. ಅಕ್ಕ ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆ ಹುಡುಗಿ ಅದೇ ಗಾಡಿಯಲ್ಲಿ ಆ ಟ್ರಾಫಿಕ್ಕಿನಲ್ಲಿ ಮನೆಗೆ ಹೋಗಬೇಕು. ಸುಮ್ಮನಿರಲು ನನ್ನಿಂದಾಗಲಿಲ್ಲ.

"ನೀರಲ್ಲಮ್ಮ, ಎಣ್ಣೆ. ಡಿಸ್ಕಿಗೆ ಎಣ್ಣೆ ಬಿದ್ರೆ ಬ್ರೇಕೇ ಇರಲ್ಲ. ಗಾಡಿ ಮುಟ್ಟಬೇಡ" ಎಂದೆ.

ಅಕ್ಕ ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಮೊದಲು ಭಾವನನ್ನು ನೋಡಿದಳು, ಆಮೇಲೆ ವರ್ಷದ ಮೇಲೆ ನನ್ನನ್ನು. "ನಿಮಗೆ ಗೊತ್ತಿತ್ತಾ?" ಎಂದು ಭಾವನನ್ನು ಕೇಳಿದಳು. ಅವರು ತಲೆ ತಗ್ಗಿಸಿದರು. "ನನ್ನ ಬಾಯಲ್ಲಿ ಇವನನ್ನ ಬಯ್ಸಿ ಬಯ್ಸಿ ಕೇಳ್ತಾ ಮಲಗಿದ್ರಲ್ರೀ" ಎಂದಳು. ದನಿ ಏರಲಿಲ್ಲ.

ಬಕೆಟ್ಟಿನಲ್ಲಿ ನೀರು ತಂದು, ಸೆರಗು ಸಿಕ್ಕಿಸಿ, ಆ ಹುಡುಗಿಯ ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಡಿಸ್ಕಿಗೆ ಸೋಪು ಹಚ್ಚಿ ಉಜ್ಜತೊಡಗಿದಳು. ಬಿಡಿಸಲು ಯಾರಿಗೂ ಧೈರ್ಯ ಬರಲಿಲ್ಲ. ನಾನು ಪಕ್ಕದಲ್ಲಿ ಕೂತು ನೀರು ಹಾಕಿದೆ.

"ಅವತ್ತು ಇಷ್ಟು ತೊಳೆದಿದ್ರೆ ಸಾಕಾಗ್ತಿತ್ತೇನೋ?" ಎಂದು ಕೇಳಿದಳು.

"ಇಲ್ಲಕ್ಕ, ಎಣ್ಣೆ ಕುಡಿದ ಬ್ರೇಕ್ ಪ್ಯಾಡೂ ಬದಲಾಯಿಸಬೇಕಿತ್ತು" ಎಂದೆ. ಅದು ನಿಜವೇ. ಅಕ್ಕ ತಲೆಯಾಡಿಸಿ ಇನ್ನೊಮ್ಮೆ ಸೋಪು ತೆಗೆದುಕೊಂಡಳು.