ಮೂರನೇ ನಂಬರ್, ಎರಡು ಚೀಲ

ನಮ್ಮ ಮನೆಯ ಕುದುರೆಗೆ ಹೆಸರಿಲ್ಲ. ನಂಬರ್ ಇದೆ. ಮೂರು.

ಎಸ್ಟೇಟಿನಲ್ಲಿ ನಾಲ್ಕು ಕುದುರೆಗಳಿದ್ದವು. ಅತ್ತಿಗುಂಡಿಯ ಮೇಲಿನ ತೋಟಕ್ಕೆ ಆಗ ಜೀಪು ಹತ್ತುತ್ತಿರಲಿಲ್ಲ. ಕೊಯ್ದ ಕಾಫಿ ಹಣ್ಣನ್ನು ಚೀಲಕ್ಕೆ ತುಂಬಿ, ಕುದುರೆಯ ಬೆನ್ನಿಗೆ ದಪ್ಪ ಗೋಣಿಯ ತಡಿ ಬಿಗಿದು, ಆಚೆಗೊಂದು ಈಚೆಗೊಂದು ಚೀಲ ಇಳಿಬಿಟ್ಟು ತೂಕದ ಮನೆಗೆ ತರುತ್ತಿದ್ದರು. ನಮ್ಮ ಮನೆಯವರು ಸೋಮಶೇಖರಪ್ಪ ಅಲ್ಲಿ ಲೆಕ್ಕ ಬರೆಯುವ ರೈಟರ್. ಮೂವತ್ತೊಂದು ವರ್ಷ ಆ ತೂಕದ ಮನೆಯ ಬಾಗಿಲಲ್ಲೇ ನಿಂತರು. ಕುದುರೆ ಬಂದು ಚೀಲ ಇಳಿದ ಕೂಡಲೇ ಒಳಗಿರುವ ಮೇಸ್ತ್ರಿಗೆ ಕೇಳುವ ಹಾಗೆ ಕೂಗಬೇಕು. "ಒಂದನೇ ನಂಬರ್, ಎರಡು ಚೀಲ." "ಮೂರನೇ ನಂಬರ್, ಎರಡು ಚೀಲ." ಜ್ವರ ಬಂದು ಮಲಗಿದಾಗಲೂ ಅದನ್ನೇ ಕೂಗುತ್ತಿದ್ದರು. ನನ್ನ ಹೆಸರನ್ನು ಅಷ್ಟು ಸಲ ಕರೆದವರಲ್ಲ.

ತೊಂಬತ್ತಾರರಲ್ಲಿ ಇವರು ರಿಟೈರ್ ಆದರು. ಅದೇ ವರ್ಷ ಮೇಲಿನವರೆಗೆ ಜೀಪಿನ ದಾರಿ ಆಯಿತು. ಮೂರು ಕುದುರೆ ಮಾರಿದರು. ಸಾಹುಕಾರರು ಇವರನ್ನು ಬಂಗಲೆಗೆ ಕರೆಸಿ, "ನಿಮಗೆ ಅಂತ ಗೋಡೆ ಗಡಿಯಾರ ತರ್ಸಿದೀನಿ ರೈಟ್ರೆ" ಅಂದರಂತೆ. ಇವರು, "ಗಡಿಯಾರ ಬೇಡ, ಮೂರನೇ ನಂಬರ್ ಕೊಡಿ" ಅಂದರಂತೆ. ಸಂಜೆ ಹೊತ್ತಿಗೆ ಕುದುರೆ ನಮ್ಮ ಅಂಗಳದಲ್ಲಿತ್ತು. ಬೆನ್ನಿನ ಮೇಲೆ ಎರಡು ಚೀಲ. ಒಂದರಲ್ಲಿ ಇವರ ಕೊಡೆ, ಚಪ್ಪಲಿ, ಊಟದ ಡಬ್ಬಿ. ಇನ್ನೊಂದರಲ್ಲಿ ಹುಲ್ಲು.

"ಎಂತಕ್ಕೆ ಇದು?" ಅಂದೆ.

"ಅದೂ ರಿಟೈರ್ ಆಗಿದೆ."

"ನಿಮ್ಮೊಬ್ರನ್ನ ಸುಧಾರ್ಸೋದೇ ಸಾಕಾಗಿದೆ ನಂಗೆ."

"ಅದು ಹೊತ್ತು ಹೊತ್ತಿಗೆ ಕಾಫಿ ಕೇಳಲ್ಲ ಮಾರಾಯ್ತಿ."

ಹೀಗೆ ಒಂಬತ್ತು ವರ್ಷ ನಡೆಯಿತು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ, ತಮ್ಮ ಹಣೆಗೆ ವಿಭೂತಿ ಹಚ್ಚಿದ ಕೈಯಲ್ಲೇ ಹೊರಗೆ ಹೋಗಿ ಕುದುರೆಯ ಹಣೆಗೂ ಎಳೆಯುತ್ತಿದ್ದರು. ಅದಕ್ಕೆ ನನ್ನ ಒಲೆಯ ಮೇಲೆ ಹುರುಳಿ ಬೇಯಬೇಕು. ನಮಗೆ ಉಪ್ಪಿಟ್ಟು ಆಮೇಲೆ. ಬೆಕ್ಕು ಚಳಿಗೆ ಕುದುರೆಯ ಬೆನ್ನು ಹತ್ತಿ ಮಲಗುತ್ತಿತ್ತು. ನಾಯಿಯೂ ಒಂದಿತ್ತು, ಈಗಲೂ ಇದೆ. ಏಕಾಂತಪ್ಪನ ಅಂಗಡಿಯಿಂದ ಬೋಂಡದ ಆಸೆಗೆ ಇವರ ಹಿಂದೆ ಬಂದದ್ದು ಇಲ್ಲೇ ಉಳಿಯಿತು. ಬೋಂಡ ಎಂದೇ ಕರೆಯುತ್ತೇವೆ.

ಒಂಬತ್ತು ಗಂಟೆಗೆ ಇವರು ಕುದುರೆ ಕರೆದುಕೊಂಡು ಹೊರಡುವುದು. ಮುಂದೆ ಬೋಂಡ, ನಡುವೆ ಕುದುರೆ, ಹಿಂದೆ ಇವರು. ಕುದುರೆಯ ಬೆನ್ನಿನ ಮೇಲೆ ತಡಿ, ಎರಡು ಕಡೆ ಉಬ್ಬಿದ ಚೀಲ. ಚೀಲದಲ್ಲಿ ಏನು? ಕಾಫಿ ಹೊಟ್ಟು. ಮಿಲ್ಲಿನ ಹಿಂದೆ ರಾಶಿ ಬಿದ್ದಿರುತ್ತದಲ್ಲ, ಅದು. ಊದಿದರೆ ಹಾರುವಂಥದು. ಏಕಾಂತಪ್ಪ ಅಂಗಡಿಯ ಕಟ್ಟೆಯಿಂದಲೇ ಕೇಳುತ್ತಿದ್ದ.

"ರೈಟ್ರೇ, ಇವತ್ತು ಎಷ್ಟು ಟನ್ ಹೊಟ್ಟು?"

"ನಿನ್ನ ಬೋಂಡಕ್ಕಿಂತ ಹಗುರ ಇದೆ ಬಿಡು."

ಊರವರೆಲ್ಲ ನಗುತ್ತಿದ್ದರು. ನನಗೆ ಮರ್ಯಾದೆ ಹೋದ ಹಾಗೆ. "ಹೊರಿಸೋದೇ ಆದ್ರೆ ಒಂದು ಹೊರೆ ಸೌದೆನಾದ್ರೂ ತನ್ನಿ" ಅನ್ನುತ್ತಿದ್ದೆ. ಇವರು ಉತ್ತರ ಕೊಡುತ್ತಿರಲಿಲ್ಲ. ಮಗಳು ಶಿಲ್ಪಾ ಕಡೂರಿನಿಂದ ರಜೆಗೆ ಬಂದರೆ, ಮೊಮ್ಮಗಳು ಗಾನಶ್ರೀಯನ್ನು ಕುದುರೆಯ ಮೇಲೆ ಕೂರಿಸುತ್ತಿದ್ದರು. ಆಗಲೂ ಚೀಲ ತೆಗೆಯುತ್ತಿರಲಿಲ್ಲ. ಮಗು ಎರಡು ಚೀಲದ ನಡುವೆ ಕೂತು ಹೋಗಬೇಕು. "ಅದಕ್ಕೆ ಹಾಗೇ ಸಮಾಧಾನ" ಅನ್ನುತ್ತಿದ್ದರು. ಇವರಿಗೆ ಸಮಾಧಾನ ಅಂತ ನಾನು ತಿಳಿದೆ.

ಒಂದು ದಿನವೂ ನಾನು ಜೊತೆಗೆ ಹೋಗಲಿಲ್ಲ. ಕುದುರೆಯ ಹಲ್ಲು ಕಂಡರೆ ನನಗೆ ಭಯ.

ಎರಡು ಸಾವಿರದ ಐದು, ಕಾರ್ತಿಕದ ಸೋಮವಾರ. ಹನ್ನೊಂದು ಗಂಟೆಗೆ ವಾಪಸ್ ಬಂದರು. ತಡಿ ಬಿಚ್ಚಿ ಗೋಡೆಯ ಗೂಟಕ್ಕೆ ಹಾಕಿದರು. ಕಟ್ಟೆಯ ಮೇಲೆ ಕೂತರು. ನಾನು ಕಾಫಿ ತರುವಷ್ಟರಲ್ಲಿ ಉಸಿರಿರಲಿಲ್ಲ. ಲೋಟವನ್ನು ಪಕ್ಕದಲ್ಲಿ ಇಟ್ಟೆ. ಆಮೇಲೆ ಕೂಗಿಕೊಂಡೆ.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿಯುವವರೆಗೆ ಮನೆ ತುಂಬಾ ಜನ. ಕುದುರೆಯನ್ನು ಯಾರೂ ಗಮನಿಸಲಿಲ್ಲ. ಜನ ಕರಗಿದ ಮೇಲೆ ನೋಡಿದರೆ ಅದು ಕಟ್ಟಿದ ಜಾಗದಲ್ಲೇ ನಿಂತಿದೆ. ಹುಲ್ಲು ಅರ್ಧ ತಿಂದು ಬಿಟ್ಟಿದೆ. ಹಿಂಗಾಲು ಎರಡೂ ಬಾತು ಕಂಬದ ಹಾಗಾಗಿವೆ. ಪಶು ಆಸ್ಪತ್ರೆಯ ಗೋಡಾಕ್ಟರನ್ನು ಕರೆಸಿದೆವು. ಅವರು ಕಾಲು ಒತ್ತಿ ನೋಡಿ ಹೇಳಿದರು.

"ನಿಂತು ನಿಂತು ನೀರಿಳಿದಿದೆ. ಔಷಧಿ ಎಂತದೂ ಬೇಡ, ದಿನಾ ನಡೆಸಿ. ನಡೀಲಿಲ್ಲ ಅಂದ್ರೆ ಒಂದು ವಾರದಲ್ಲಿ ಮಲಗುತ್ತೆ. ಈ ವಯಸ್ಸಲ್ಲಿ ಮಲಗಿದ ಕುದುರೆ ಏಳಲ್ಲ."

ಅಳಿಯ ಮುಂದಿನಿಂದ ಎಳೆದ. ಪಕ್ಕದ ಮನೆಯವರು ಹಿಂದಿನಿಂದ ನೂಕಿದರು. ಬೆಲ್ಲ ತೋರಿಸಿದರು. ಬೋಂಡ ಗೇಟಿನವರೆಗೆ ಓಡಿ ಹೋಗಿ ತಿರುಗಿ ನೋಡಿತು. ಕುದುರೆ ಒಂದು ಹೆಜ್ಜೆ ಎತ್ತಲಿಲ್ಲ.

ಶಿಲ್ಪಾ ಅಂದಳು, "ಅಮ್ಮಾ, ಇದು ಅಪ್ಪನ ಜೊತೆಗೇ ಮುಗೀತು. ರೇವಣ್ಣಂಗೆ ಕೊಟ್ಟು ಬಿಡೋಣ. ನೀನು ನಮ್ಮ ಜೊತೆ ಕಡೂರಿಗೆ ಬಾ. ಇಲ್ಲಿ ಒಬ್ಬಳೇ ಕುದುರೆ ಕಾಯ್ತಾ ಕೂರ್ತೀಯಾ?"

ರೇವಣ್ಣ ಗಿರಿಯ ದಾರಿಯಲ್ಲಿ ಟೂರಿಸ್ಟರಿಗೆ ಕುದುರೆ ಸವಾರಿ ಮಾಡಿಸುವವನು. ಭಾನುವಾರ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದ. ನಡೆಯುವ ಕುದುರೆಯಾದರೆ ಒಯ್ಯುತ್ತೇನೆ, ನಿಲ್ಲುವ ಕುದುರೆ ನನಗ್ಯಾಕೆ, ಅಂದನಂತೆ. ನಾನು ಆಗಲಿ ಅಂದೆ. ಇವರಿಲ್ಲದ ಅಂಗಳದಲ್ಲಿ ಅದೊಂದು ನಿಂತಿರುವುದು ನನಗೆ ನೋಡಲಾಗುತ್ತಿರಲಿಲ್ಲ. ನಡೆದರೆ ರೇವಣ್ಣನ ಪಾಲು, ನಡೆಯದಿದ್ದರೆ ಮಣ್ಣಿನ ಪಾಲು. ಹೇಗಾದರೂ ಭಾನುವಾರದೊಳಗೆ ನಡೆಯಲಿ ಎಂದು ಮನಸ್ಸಿನಲ್ಲಿತ್ತು. ಮಗಳು, ಅಳಿಯ ಶನಿವಾರ ಬರುತ್ತೇವೆಂದು ಊರಿಗೆ ಹೋದರು.

ಗುರುವಾರ, ಕುದುರೆಯ ಜೊತೆ ಕೊಡಲು ತಡಿಯನ್ನು ಕೊಡವೋಣ ಎಂದು ಗೂಟದಿಂದ ತೆಗೆದೆ. ಕುದುರೆ ತಲೆ ಎತ್ತಿತು. ಎರಡೂ ಕಿವಿ ಈ ಕಡೆ. ನಾನು ತಡಿ ಹಿಡಿದು ನಿಂತೆ. ಅದು ಹಗ್ಗ ಬಿಗಿಯಾಗುವವರೆಗೆ ನನ್ನ ಕಡೆ ಬಂದು ಪಕ್ಕೆ ತಿರುಗಿಸಿ ನಿಂತಿತು. ಹೊರಿಸು, ಅನ್ನುವ ಹಾಗೆ.

ಆಗ ತಿಳಿಯಿತು ನನಗೆ. ಒಂಬತ್ತು ವರ್ಷ ಕಣ್ಣೆದುರಿಗೆ ಇದ್ದದ್ದು. ಚೀಲ ಇಲ್ಲದೆ ಅದು ಹೊರಡುವುದಿಲ್ಲ. ಅದಕ್ಕೆ ಬರಿಬೆನ್ನಿನಲ್ಲಿ ತಿರುಗಾಡುವುದು ಗೊತ್ತೇ ಇಲ್ಲ.

ಭಯ ಪಡುತ್ತಲೇ ತಡಿ ಬಿಗಿದೆ. ಎರಡು ಖಾಲಿ ಚೀಲ ಇಳಿಬಿಟ್ಟೆ. ಹೊಟ್ಟು ತುಂಬುವ ಮೂರ್ಖತನ ನನ್ನಿಂದಾಗದು, ಹೊರುವುದಾದರೆ ಉಪಯೋಗದ್ದು ಹೊರಲಿ ಎಂದು ಬುಟ್ಟಿಯಲ್ಲಿ ಸಗಣಿ ಗೊಬ್ಬರ ತಂದು ಆಚೆಗೊಂದು ಈಚೆಗೊಂದು ಬುಟ್ಟಿ ಸುರಿದೆ. ಹಗ್ಗ ಬಿಚ್ಚಿದೆ. ಮೂರನೇ ನಂಬರ್ ನಡೆಯಿತು. ಬಾತ ಕಾಲನ್ನು ಎಳೆದುಕೊಂಡು ಗೇಟು ದಾಟಿತು. ಬೋಂಡ ಮುಂದೆ. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ.

ದಾರಿ ನನಗೆ ಗೊತ್ತಿರಲಿಲ್ಲ, ಅದಕ್ಕೆ ಗೊತ್ತಿತ್ತು. ಏಕಾಂತಪ್ಪನ ಅಂಗಡಿಯ ಮುಂದೆ ನಿಂತಿತು. ಅವನು ಒಳಗೆ ಹೋಗಿ ಬೆಲ್ಲದ ಉಂಡೆ ತಂದು ಅದರ ಬಾಯಿಗೆ ಕೊಟ್ಟ. ಬೋಂಡಕ್ಕೆ ಒಂದು ಬೋಂಡ. "ನಿಮಗೇನು ಕೊಡ್ಲಿ ಅಮ್ಮಾ?" ಅಂದ. ಅವನ ಕಣ್ಣಲ್ಲಿ ನೀರಿತ್ತು. ಇವರನ್ನು ದಿನಾ ಕೆಣಕುತ್ತಿದ್ದವನು. ನನಗೇನೂ ಬೇಡ ಅಂದೆ.

ಆಮೇಲೆ ಸಿಲ್ವರ್ ಮರದ ಸಾಲಿನ ಕೆಳಗಿನ ದಾರಿ. ಅಬ್ಬಿಯ ಹತ್ತಿರ ನೀರು ಕುಡಿಯಲು ನಿಂತಿತು. ಅಲ್ಲಿಂದ ಇಳಿದು ಹಳೆಯ ತೂಕದ ಮನೆಗೆ ಬಂತು. ಅದಕ್ಕೆ ಈಗ ಬಾಗಿಲಿಲ್ಲ, ತಕ್ಕಡಿ ಇಲ್ಲ. ಮಾಡಿನ ಶೀಟು ಅರ್ಧ ಹೋಗಿದೆ. ಕುದುರೆ ಬಾಗಿಲಿದ್ದ ಜಾಗದಲ್ಲಿ ಅಡ್ಡ ನಿಂತಿತು.

ಚೀಲ ಇಳಿಸಬೇಕು ಎಂದು ಗೊತ್ತಾಯಿತು. ಹೇಗೆ? ಒಂದು ಕಡೆಯ ಚೀಲದ ಕಟ್ಟು ಬಿಚ್ಚಿದೆ. ಆ ಕಡೆ ಹಗುರವಾದ ಕೂಡಲೇ ಇನ್ನೊಂದು ಕಡೆಯ ಭಾರಕ್ಕೆ ತಡಿ ಸರ್ರನೆ ಜಾರಿ ಹೊಟ್ಟೆಯ ಕಡೆಗೆ ವಾಲಿತು. ಕುದುರೆ ತತ್ತರಿಸಿತು. ನಾನು ಓಡಿ ಹೋಗಿ ಆ ಚೀಲಕ್ಕೆ ಹೆಗಲು ಕೊಟ್ಟೆ. ಎತ್ತಲಾರೆ, ಬಿಡಲಾರೆ.

"ಹಿಡ್ಕಳಿ ಅಮ್ಮಾವ್ರೆ, ಬಂದೆ!"

ಕೂಲಿಯವರ ಲೈನಿನ ಮನೆಯಿಂದ ಮುದ್ದಮ್ಮ ಓಡಿ ಬಂದಳು. ತೋಟದಲ್ಲಿ ನಲವತ್ತು ವರ್ಷ ಕೊಯ್ಲು ಮಾಡಿದವಳು. ಅವಳು ಕೆಳಗಿನಿಂದ ಹಿಡಿದಳು, ನಾನು ಮೇಲಿನಿಂದ. ಹೇಗೋ ಇಳಿಸಿದೆವು. ಅವಳು ಚೀಲದ ಬಾಯಿ ಬಿಡಿಸಿ ನೋಡಿ ನನ್ನ ಮುಖ ನೋಡಿದಳು.

"ಗೊಬ್ಬರ ತುಂಬೀರಲ್ಲ! ರೈಟ್ರಯ್ಯ ಹೊಟ್ಟು ತುಂಬ್ತಿದ್ರು."

"ಗೊತ್ತು. ಹುಚ್ಚು ಅವ್ರಿಗೆ."

"ಹುಚ್ಚು ಎಂತದು? ಒಬ್ರೇ ಭಾರ ಇಳಿಸೋಕಾಗ್ತಿರ್ಲಿಲ್ಲ ಅವ್ರಿಗೆ. ಹೊಟ್ಟಾದ್ರೆ ಇಳಿಸ್ಬೋದು, ಕುದ್ರೆಗೂ ಚೀಲ ಇದ್ದಂಗೆ ಆಗ್ತದೆ ಅಂತಿದ್ರು. ಇಳಿಸಿದ್ದನ್ನ ನಮ್ಮ ನೀರೊಲೆಗೆ ಸುರಿದು ಹೋಗೋರು. ಎರಡು ವರ್ಷದಿಂದ ಎದೆ ನೋವು ಬೇರೆ, ಆ ಕಲ್ಲಿನ ಮೇಲೆ ಕೂತು ಎದೆ ತಿಕ್ಕೊಂಡು, ಬೆವರು ಒರೆಸ್ಕೊಂಡೇ ಏಳ್ತಿದ್ದದ್ದು."

"ನನಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳ್ಬೇಡ ಅಂದ್ರು. ಹೇಳಿದ್ರೆ ಮಗಳು ಕಡೂರಿಗೆ ಕರ್ಕೊಂಡು ಹೋಗ್ತಾಳೆ, ಇದನ್ನ ಮಾರ್ತಾರೆ ಅಂದ್ರು. ನಾನೂ ಸುಮ್ನಾದೆ. ತಪ್ಪಾಯ್ತು ಅಮ್ಮಾವ್ರೆ."

ನಾನು ಆ ಕಲ್ಲಿನ ಮೇಲೆ ಕೂತೆ. ಇವರನ್ನು ಬೈದೆ. ಮುದ್ದಮ್ಮನನ್ನು ಬೈದೆ. ಕುದುರೆಯನ್ನೂ ಬೈದೆ. ಎರಡು ವರ್ಷ. ಕಡೂರಿನಲ್ಲಿ ಡಾಕ್ಟರಿದ್ದರು, ಹಾಸನದಲ್ಲಿ ದೊಡ್ಡ ಆಸ್ಪತ್ರೆ ಇತ್ತು. ಒಂದು ಕುದುರೆಗಾಗಿ ನನ್ನ ಹತ್ತಿರ ಸುಳ್ಳು ಹೇಳಿದರು. ಸುಳ್ಳೂ ಹೇಳಲಿಲ್ಲ. ಸುಮ್ಮನಿದ್ದರು. ಸೌದೆ ತನ್ನಿ ಎಂದು ನಾನು ಬೈದಾಗಲೆಲ್ಲ ಸುಮ್ಮನಿದ್ದರು.

ಹೊರಡೋಣ ಎಂದು ಎದ್ದರೆ ಕುದುರೆ ಅಲ್ಲೇ ನಿಂತಿದೆ. ಎಳೆದೆ. ಬರಲಿಲ್ಲ.

"ಕೂಗ್ಬೇಕು," ಅಂದಳು ಮುದ್ದಮ್ಮ.

"ಏನು?"

"ರೈಟ್ರಯ್ಯ ಕೂಗ್ತಿದ್ರಲ್ಲ. ಕೂಗಿದ್ರೆ ಅದು ತಿರುಗ್ತದೆ. ನಾನು ಕೂಗಿದ್ರೆ ನಡೆಯಲ್ಲ, ನೋಡಿದೀನಿ. ನೀವು ಕೂಗಿ."

ನಾಚಿಕೆಯಾಯಿತು. ಅರವತ್ತೆರಡು ವರ್ಷದ ಹೆಂಗಸು, ಬಾಗಿಲಿಲ್ಲದ ಮನೆಯ ಮುಂದೆ ನಿಂತು ಕೂಗುವುದೆಂದರೆ. ಮೊದಲು ಸಣ್ಣಗೆ ಅಂದೆ. ಅದು ಕಿವಿ ಆಡಿಸಿತು, ಅಷ್ಟೆ. ಆಮೇಲೆ ಇವರು ಕೂಗುವಷ್ಟೇ ಗಟ್ಟಿಯಾಗಿ, ಕೊನೆಯಲ್ಲಿ ಎಳೆದು ಕೂಗಿದೆ. "ಮೂರನೇ ನಂಬರ್, ಎರಡು ಚೀಲ!"

ಕುದುರೆ ತಿರುಗಿ ಮನೆಯ ದಾರಿ ಹಿಡಿಯಿತು.

ಆ ದಿನ ಪೂರ್ತಿ ಅದರ ಜೊತೆ ಮಾತಾಡಲಿಲ್ಲ. ಹುರುಳಿ ಬೇಯಿಸಿ ಇಟ್ಟೆ, ಅಷ್ಟೆ. ಶುಕ್ರವಾರ ಎದ್ದಾಗಲೂ ಸಿಟ್ಟು ಇಳಿದಿರಲಿಲ್ಲ. ಆದರೂ ಮಿಲ್ಲಿಗೆ ಹೋಗಿ ಹೊಟ್ಟು ತಂದೆ. ಚೀಲ ಉಬ್ಬಿತು, ಒಂದು ಕೈಯಲ್ಲಿ ಎತ್ತಿದೆ. ಶುಕ್ರವಾರ ನಡೆಯಿತು. ಶನಿವಾರ ಮಗಳು ಬರುವ ಮೊದಲು ನಡೆಯಿತು. ಕಾಲಿನ ಬಾವು ಒಂದು ಬೆರಳಿನಷ್ಟು ಇಳಿಯಿತು.

ಭಾನುವಾರ ರೇವಣ್ಣ ಬಂದ. ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ. "ನಡೆಸಿ ನೋಡಾಣ" ಅಂದು ಹಗ್ಗ ಹಿಡಿದು ಎಳೆದ. ಕುದುರೆ ನಿಂತಲ್ಲೇ ನಿಂತಿತು. ಬಡಿಗೆ ತೋರಿಸಿದ. ಅದು ಬಾಲ ಆಡಿಸಿತು. ತಡಿ ಒಳಗೆ ಅಡುಗೆಮನೆಯಲ್ಲಿತ್ತು. ನಾನೇ ಬೆಳಿಗ್ಗೆ ತೆಗೆದು ಇಟ್ಟಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ಇವರ ಹಾಗೆ ಸುಮ್ಮನಿದ್ದೆ.

"ಇದು ಮುಗೀತು ವಿಶಾಲಾಕ್ಷಮ್ಮಾರೆ. ಪುಕ್ಕಟೆ ಕೊಟ್ರೂ ಬೇಡ," ಅಂದ ರೇವಣ್ಣ.

"ಬೇಡದಿದ್ರೆ ಬಿಡಿ. ಕಾಫಿ ಕುಡಿದು ಹೋಗಿ."

ಕುಡಿದು ಹೋದ. ಶಿಲ್ಪಾ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಸಾಯುವುದನ್ನು ನಾನು ನೋಡಲಾರೆ ಅಮ್ಮಾ, ಅಂದಳು. ನಾನು ಒಳಗಿನಿಂದ ತಡಿ ತಂದೆ, ಹೊಟ್ಟಿನ ಚೀಲ ತಂದೆ. ಬಿಗಿದೆ. ಬೋಂಡ ಆಗಲೇ ಗೇಟಿನ ಹತ್ತಿರ ಇತ್ತು. ಮೂರನೇ ನಂಬರ್ ಹೆಜ್ಜೆ ಎತ್ತಿತು.

ಶಿಲ್ಪಾ ಎದ್ದು ನಿಂತಳು. "ಅಮ್ಮಾ! ನಡೆಯತ್ತಲ್ಲ ಇದು! ರೇವಣ್ಣನ್ನ ಕರೀಲಾ?"

"ಕರೆದ್ರೆ ನೋಡು."

"ಮತ್ತೆ ಕಡೂರು?"

"ಹಬ್ಬಕ್ಕೆ ಬರ್ತೀನಿ. ಇದಕ್ಕೆ ಕೆಲಸ ಇದೆ."

ಎದೆ ನೋವಿನ ವಿಷಯ ಅವಳಿಗೆ ಆ ಸಂಜೆಯೇ ಹೇಳಿದೆ. ಅವಳೂ ಬೈದಳು, ಅತ್ತಳು. ನನಗೆ ಎದೆ ನೋವು ಬಂದರೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಈ ವಿಷಯದಲ್ಲಿ ನಾನು ಇವರ ಹಾಗಲ್ಲ.

ಈಗ ಮೂರು ವರ್ಷವಾಯಿತು. ಕುದುರೆಗೆ ಒಂದು ಕಣ್ಣು ಮಂಜಾಗಿದೆ. ವಿಭೂತಿ ನಾನೇ ಹಚ್ಚುತ್ತೇನೆ, ಹಲ್ಲಿನ ಕಡೆ ನೋಡುವುದಿಲ್ಲ. ಏಕಾಂತಪ್ಪ ಮತ್ತೆ ಶುರು ಮಾಡಿದ್ದಾನೆ, ಎಷ್ಟು ಟನ್ ಅಮ್ಮಾ ಅಂತ. ಮುದ್ದಮ್ಮನ ನೀರೊಲೆ ಉರಿಯುತ್ತಿದೆ. ತೂಕದ ಮನೆಯ ಮುಂದೆ ಚೀಲ ಇಳಿಸಿ ಆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ. ಒಂದೊಂದು ದಿನ ಈಗಲೂ ಇವರನ್ನು ಬೈಯುತ್ತೇನೆ. ಬೈದು ಮುಗಿಯುವವರೆಗೆ ಅದು ಕಾಯುತ್ತದೆ. ಆಮೇಲೆ ಎದ್ದು ಕೂಗುತ್ತೇನೆ.