ರೊಟ್ಟಿ ಬಡಿದು ಬಂದ ಅಸ್ತರ್

ಆಳಂದದಲ್ಲಿ ನಾನು ನಡೆಸಿದ ಹೊಲಿಗೆ ಅಂಗಡಿಗೆ ಬಂದ ಯಾವ ಹೆಂಗಸೂ ಒಮ್ಮೆಯೂ ತಕರಾರು ಹೇಳಲಿಲ್ಲ. ಹೊಲಿದಿಟ್ಟ ಕುಪ್ಪಸವನ್ನು ಕೈಗೆ ತೆಗೆದುಕೊಂಡು, ತೋಳಿನ ಅಂಚು ಸವರಿ ನೋಡಿ, "ಛಲೋ ಆಗೇದ್ರಿ" ಎಂದು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದರು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದೆ. ಹಾಗೆ ಹೋದವರಲ್ಲಿ ಹೆಚ್ಚಿನವರು ಮತ್ತೆ ಬರಲಿಲ್ಲ ಎಂಬುದು ನನ್ನ ಗಮನಕ್ಕೆ ಬರುವಷ್ಟರಲ್ಲಿ ಅಂಗಡಿಗೆ ಒಂದು ವರ್ಷ ತುಂಬಿತ್ತು.

ನಾನು ಕಲಬುರಗಿಯಲ್ಲಿ ಬಟ್ಟೆ ಮತ್ತು ಉಡುಪಿನ ವಿಷಯವನ್ನೇ ಓದಿದವಳು. ಕತ್ತರಿ ಹಿಡಿದರೆ ಕೈ ನಡುಗುತ್ತಿರಲಿಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತಿದ್ದೆ, ಒಳಗಿನ ಹೊಲಿಗೆ ಹೊರಗಿನಷ್ಟೇ ಚೊಕ್ಕಟವಾಗಿರುತ್ತಿತ್ತು. ನಮ್ಮ ಕಡೆ ಹೆಂಗಸರು ದರ್ಜಿಯ ಮುಂದೆ ನಿಂತು ಅಳತೆ ಕೊಡುವುದು ಕಡಿಮೆ. ಮನೆಯಿಂದ ಒಂದು ಅಳತೆಯ ಕುಪ್ಪಸ ಕಳಿಸುತ್ತಾರೆ. ಹಿರಿಯರ ಬಾಯಲ್ಲಿ ಅದು 'ಅಳತಿ ಜಂಪರ್'. ಪೇಪರಿನಲ್ಲಿ ಸುತ್ತಿ ಗಂಡನ ಕೈಯಲ್ಲಿ ಕಳಿಸುತ್ತಾರೆ, ಇಲ್ಲವೇ ಸಂತೆಗೆ ಹೊರಟ ನೆರೆಯವಳ ಚೀಲಕ್ಕೆ ಹಾಕುತ್ತಾರೆ. ನಾನು ಅದನ್ನು ಮೇಜಿನ ಮೇಲೆ ಹಾಸಿ, ಟೇಪು ಹಿಡಿದು, ನೂಲೆಳೆಯಷ್ಟೂ ಹೆಚ್ಚುಕಡಿಮೆ ಆಗದಂತೆ ಹೊಸದನ್ನು ಕತ್ತರಿಸುತ್ತಿದ್ದೆ.

ಗಿರಾಕಿಗಳು ಕಡಿಮೆಯಾದಾಗ ಮೊದಲು ನನಗೆ ಅನುಮಾನ ಬಂದದ್ದು ಅಂಗಡಿಯ ಬೋರ್ಡಿನ ಮೇಲೆ. ಅದನ್ನು ಬದಲಿಸಿದೆ. ಆಮೇಲೆ ದೀಪ ಬದಲಿಸಿದೆ. ಸೀರೆಗೆ ಫಾಲ್ ಹಚ್ಚುವುದು ಪುಕ್ಕಟೆ ಎಂದು ಬರೆದು ಹಾಕಿದೆ. ಫಾಲ್ ಹಚ್ಚಿಸಿಕೊಳ್ಳಲು ಬಂದರು, ಕುಪ್ಪಸದ ಬಟ್ಟೆ ಮಾತ್ರ ಪಕ್ಕದ ಓಣಿಯ ದರ್ಜಿಗೆ ಹೋಯಿತು. ಕೊನೆಗೆ ಬಾಡಿಗೆ ಕಟ್ಟುವುದು ಕಷ್ಟವಾಗಿ ಬಾಗಿಲು ಮುಚ್ಚಿದೆ.

ಅಫಜಲಪುರದಲ್ಲಿರುವ ನನ್ನ ಚಿಗವ್ವ, ಎಂದರೆ ಅವ್ವನ ತಂಗಿ, ತನ್ನ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟಳು. ಹೊಲಿಗೆ ಮಿಷನ್ನನ್ನು ಟೆಂಪೋಕ್ಕೆ ಏರಿಸುವಾಗ ಅಪ್ಪ ಹಗ್ಗ ಬಿಗಿಯುತ್ತ, ನನ್ನ ಮುಖ ನೋಡದೆ ಹೇಳಿದ:

"ಈ ಲಗ್ನದ ಸುಗ್ಗಿ ಮುಗಿಯೋತನ ನೋಡು. ನಡದ್ರ ನಡೀಲಿ. ಇಲ್ಲಂದ್ರ ಜೇವರ್ಗಿ ಸಾಲಿಯವರು ಟೀಚರ್ ಬೇಕಂತ ಕೇಳಾಕತ್ತಾರ. ಅಲ್ಲಿ ಹೋಗಿಬಿಡು."

ಅವನದು ಕೋಪವಲ್ಲ, ಕಾಳಜಿ. ಜೇವರ್ಗಿಯ ಆ ಖಾಸಗಿ ಶಾಲೆಯ ಕೆಲಸ ಕೆಟ್ಟದ್ದೂ ಅಲ್ಲ. ಆದರೆ ನನಗೆ ಬೇಕಾಗಿದ್ದದ್ದು ಬಟ್ಟೆ, ಕತ್ತರಿ, ಮತ್ತು ದಿನದ ಹೆಚ್ಚು ಹೊತ್ತು ಮಾತಿಲ್ಲದ ಒಂದು ಕೋಣೆ. ಒಂದು ತರಗತಿಯ ಮುಂದೆ ಇಡೀ ದಿನ ನಿಂತು ಮಾತಾಡುವುದು ನನ್ನಿಂದಾಗದ ಕೆಲಸ. "ಆಯ್ತಪ್ಪ" ಎಂದೆ.

ಅಫಜಲಪುರದ ಮೊದಲ ದಿನಗಳಲ್ಲಿ ಕೆಲಸವಿರಲಿಲ್ಲ. ಕೈ ಖಾಲಿ ಇಟ್ಟುಕೊಳ್ಳಲಾರದೆ ಚಿಗವ್ವನಿಗೇ ಒಂದು ಕುಪ್ಪಸ ಹೊಲಿಯುತ್ತೇನೆಂದು ಅಳತೆಯದು ಕೇಳಿದೆ. ಅವಳು ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಕೇಳಿಸಿತು. ಹಸಿರು ರೇಷ್ಮೆಯ, ಜರಿ ಅಂಚಿನ ಕುಪ್ಪಸವೊಂದನ್ನು ಅಂಗೈ ಮೇಲೆ ಇಟ್ಟುಕೊಂಡು ಬಂದಳು. ಕೋಣೆ ತುಂಬ, ಬಟ್ಟೆಗೆ ಹುಳ ಹತ್ತದಂತೆ ಟ್ರಂಕಿನಲ್ಲಿಡುವ ಡಾಂಬರ ಗುಳಿಗೆಯ ವಾಸನೆ.

"ಇದನ್ನ ಯಾವಾಗ ಹಾಕ್ಕೊಂಡಿದ್ದಿ ಚಿಗವ್ವ?"

"ನಿಮ್ಮಣ್ಣನ ಲಗ್ನದಾಗ."

"ಬರೋಬ್ಬರಿ ಕೂಡ್ತದೇನು?"

"ಎಲ್ಲಿ ಕೂಡ್ತದ ಬೇ! ಬಗಲಾಗ ಹಿಡೀತದ. ಊಟಕ್ಕ ಕುಂತ್ರ ಉಸುರು ಬಿಡಾಕ ಬರಾಂಗಿಲ್ಲ."

ಅವಳು ಮೈಮೇಲೆ ತೊಟ್ಟಿದ್ದ ಕಂದು ಬಣ್ಣದ ನೂಲಿನ ಕುಪ್ಪಸ ತೊಳೆದು ತೊಳೆದು ಮಾಸಿತ್ತು, ಬಗಲಲ್ಲಿ ಎರಡು ತೇಪೆ ಇದ್ದವು. ಆದರೆ ಅದು ಅವಳ ಭುಜದ ಮೇಲೆ ಹೇಗೆ ಕೂತಿತ್ತೆಂದರೆ ನಾನು ಓದಿದ ಯಾವ ಪಾಠದ ಚಿತ್ರದಲ್ಲೂ ಅಷ್ಟು ಚೆನ್ನಾಗಿ ಕೂತದ್ದನ್ನು ನೋಡಿರಲಿಲ್ಲ.

"ಮತ್ತ ಮೈಮ್ಯಾಲಿಂದ ಬಿಟ್ಟು ಇದನ್ಯಾಕ ಕೊಡಾಕತ್ತಿ?"

ಚಿಗವ್ವ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಹರಕ ಜಂಪರ್ ದುಕಾನಕ್ಕ ಕೊಡ್ತಾರೇನ ಬೇ? ಬೀಗರು ಬಂದಾಗ ಹರಕ ಚಾಪಿ ಹಾಸ್ತಾರೇನು?"

"ನಾ ಬೀಗರೇನು?"

"ದುಕಾನ ಹಾಕಿದಿ ಅಂದ್ರ ಹೊರಗಿನ ಮಂದೀನ ಆದಿ."

ನಾನು ಆ ಹಸಿರು ಕುಪ್ಪಸವನ್ನು ಮೂಗಿಗೆ ಹಿಡಿದೆ. ಆಳಂದದ ಅಂಗಡಿಯ ವಾಸನೆ ಅದು. ಅಲ್ಲಿಗೆ ಬಂದ ಅಳತೆಯ ಕುಪ್ಪಸಗಳೆಲ್ಲ ಹೀಗೇ ಡಾಂಬರ ಗುಳಿಗೆ ನಾರುತ್ತಿದ್ದವು. ಒಂದಕ್ಕೂ ಬೆವರಿನ, ಒಗ್ಗರಣೆಯ, ಹೊಲದ ದೂಳಿನ ವಾಸನೆ ಇರಲಿಲ್ಲ. ಎಲ್ಲವೂ ಟ್ರಂಕಿನ ಮೇಲ್ಪದರದಿಂದ ಬಂದವು, ಮರ್ಯಾದೆಗೆಂದು ಕಳಿಸಿದವು, ಯಾರೋ ಎಂದೋ ತಪ್ಪಾಗಿ ಹೊಲಿದವು. ಆ ಬಿಗಿತವನ್ನು ನಾನು ನೂಲೆಳೆಯಷ್ಟೂ ಬಿಡದೆ ನಕಲು ಮಾಡಿ ಕೊಟ್ಟಿದ್ದೆ. ಆಮೇಲೆ ಅದೇ ಮರ್ಯಾದೆಯೇ ಅವರ ಬಾಯಲ್ಲಿ "ಛಲೋ ಆಗೇದ್ರಿ" ಎಂದು ಹೇಳಿಸಿತ್ತು.

ವಿಷಯ ತಿಳಿದ ಕೂಡಲೇ ದಾರಿ ಸಿಕ್ಕಿತು ಎಂದುಕೊಂಡೆ. ಸಿಗಲಿಲ್ಲ. ಮುಂದೆ ಬಂದ ಮೊದಲ ಗಿರಾಕಿಗೆ, ದಿನಾಲೂ ತೊಡುವ ಹಳೆಯದನ್ನೇ ಕೊಡಿ ಎಂದು ನೇರವಾಗಿ ಕೇಳಿದೆ. ಆಕೆಯ ಹುಬ್ಬು ಮೇಲೇರಿತು. "ಯಾಕ್ರಿ, ನಮ್ಮನ್ಯಾಗ ಛಲೋದು ಒಂದೂ ಇಲ್ಲಂತ ತಿಳದೀರೇನು?" ಎಂದು ಬಟ್ಟೆಯನ್ನು ಮಡಚಿ ಎತ್ತಿಕೊಂಡು ಹೋದಳು. ಇನ್ನೊಬ್ಬಳಿಗೆ ಟೇಪಿನಿಂದ ನಾನೇ ಅಳತೆ ತೆಗೆದುಕೊಳ್ಳುತ್ತೇನೆ ಎಂದೆ. ಅವಳು ಸೆರಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, "ಬ್ಯಾಡ್ರಿ, ನೀವ ಒಂದಂದಾಜ ಹಿಡೀರಿ" ಎಂದಳು.

ಅವಳ ಮೇಲೆ ನನಗೆ ಬೇಸರವಾಗಲಿಲ್ಲ. ನಾನೂ ಅಂಥವಳೇ. ಹಾಸ್ಟೆಲ್ಲಿನಲ್ಲಿ ಓರಗೆಯವರು ಒಬ್ಬರಿಗೊಬ್ಬರು ಅಳತೆ ತೆಗೆದುಕೊಂಡು ಆ ಅಂಕಿಗಳನ್ನು ಕೂಗಿ ನಗುತ್ತಿದ್ದಾಗ ನಾನು ಬಾಗಿಲು ಹಾಕಿಕೊಂಡು ನನ್ನ ಬಟ್ಟೆಯನ್ನು ನಾನೇ ಅಳೆದು ಹೊಲಿದುಕೊಳ್ಳುತ್ತಿದ್ದೆ. ಯಾರೂ ಮುಟ್ಟದೆ, ಯಾರಿಗೂ ಏನೂ ಹೇಳದೆ, ನನ್ನ ಮೈ ಎಲ್ಲಿ ಬಿಗಿಯುತ್ತದೆ ಎಂಬುದು ದರ್ಜಿಗೆ ಗೊತ್ತಾಗಬೇಕಾದರೆ ಹೇಗೆ? ಈ ಪ್ರಶ್ನೆಯನ್ನು ನನಗಾಗಿಯೇ ಕೇಳಿಕೊಂಡೆ. ಉತ್ತರ ಸಿಕ್ಕಿದ್ದು ಚಿಗವ್ವನ ಒಲೆಯ ಮುಂದೆ.

ಅವಳಿಗೆ ಅಂದಾಜಿನ ಮೇಲೆ ಒಂದು ಅಸ್ತರ್ ಕತ್ತರಿಸಿ, ಎಂದರೆ ಕುಪ್ಪಸದ ಒಳಗೆ ಕೊಡುವ ತೆಳು ಬಟ್ಟೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ತೊಡಲು ಕೊಟ್ಟಿದ್ದೆ. ಅವಳು ಅದನ್ನು ತೊಟ್ಟುಕೊಂಡೇ ರೊಟ್ಟಿಗೆ ಕೂತಳು. ಜೋಳದ ರೊಟ್ಟಿ ಬಡಿಯುವುದು ಬೆರಳ ತುದಿಯ ಕೆಲಸವಲ್ಲ, ಭುಜ, ಬಗಲು, ಬೆನ್ನು ಎಲ್ಲ ಸೇರಿ ಮಾಡುವ ಕೆಲಸ. ಎರಡನೆಯ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಟಕ್ ಎಂದಿತು.

"ನಿನ್ನ ದಾರ ಹರೀತು ನೋಡ ಬೇ!"

ಬಲ ಬಗಲಿನ ಹಿಂದೆ, ಎರಡು ಬೆರಳಗಲ. ಉಳಿದ ಕಡೆ ಒಂದೂ ಹೊಲಿಗೆ ಬಿಟ್ಟಿರಲಿಲ್ಲ. ಅವಳು ಏನನ್ನೂ ಹೇಳಬೇಕಾಗಿರಲಿಲ್ಲ, ದಾರವೇ ಹೇಳಿತ್ತು.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಅಳತೆಗೆಂದು ಯಾವ ಕುಪ್ಪಸ ತಂದರೂ ಪ್ರಶ್ನೆಯಿಲ್ಲದೆ ತೆಗೆದುಕೊಳ್ಳುತ್ತೇನೆ. ಮೇಲಿನ ಬಟ್ಟೆಯನ್ನು ಮುಟ್ಟುವುದಿಲ್ಲ. ಅಸ್ತರನ್ನು ಮಾತ್ರ, ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟು, ಎಳೆದರೆ ಹರಿಯುವ ಜೊಳ್ಳು ದಾರದಲ್ಲಿ ಕಚ್ಚಾ ಹೊಲಿದು ಮನೆಗೆ ಕಳಿಸುತ್ತೇನೆ. ಅದನ್ನು ತೊಟ್ಟುಕೊಂಡು ಒಂದು ಹೊತ್ತಿನ ರೊಟ್ಟಿ ಬಡಿಯಬೇಕು. ಅಸ್ತರನ್ನು ತೊಳೆಯದೆ, ಹರಿದ ಹೊಲಿಗೆಯನ್ನು ಮುಟ್ಟದೆ ತಂದುಕೊಡಬೇಕು. ಯಾರ ಕೈಯಲ್ಲಿ ಕಳಿಸಿದರೂ ಆದೀತು.

ಮೊದಮೊದಲು ಎಲ್ಲರೂ ನಕ್ಕರು. "ಇದೇನ್ರಿ, ದುಕಾನಕ್ಕ ಬಂದ್ರ ರೊಟ್ಟಿ ಪರೀಕ್ಷಾ ಕೊಡಬೇಕೇನು? ನಾಪಾಸ ಆದ್ರ?" ಎಂದು ಒಬ್ಬಳು ಕೇಳಿದಳು. ಆದರೆ ಅಸ್ತರ್‌ಗಳು ಹಿಟ್ಟು ಮೆತ್ತಿಕೊಂಡು ತಿರುಗಿ ಬಂದವು. ಒಂದರ ಬೆನ್ನು ಬಿಟ್ಟಿರುತ್ತಿತ್ತು, ಇನ್ನೊಂದರ ತೋಳು. ಒಂದೂ ಹೊಲಿಗೆ ಬಿಡದಿದ್ದರೆ ಸಡಿಲ ಹೆಚ್ಚಾಗಿದೆಯೇ ಎಂದು ನೋಡುತ್ತಿದ್ದೆ. ಎಲ್ಲ ಸರಿಮಾಡಿ, ತೊಳೆದು, ಅದೇ ಅಸ್ತರಿನ ಮೇಲೆ ಅವರ ಖಣವನ್ನೋ ರೇಷ್ಮೆಯನ್ನೋ ಕತ್ತರಿಸುತ್ತಿದ್ದೆ. ಒಬ್ಬೊಬ್ಬರಾಗಿ ಎರಡನೆಯ ಸಲ ಬರತೊಡಗಿದರು. ಆದರೂ ಲಗ್ನದ ಸುಗ್ಗಿ ಅರ್ಧ ದಾಟಿತ್ತು, ಒಂದು ಮದುವೆಮನೆಯ ಕೆಲಸವೂ ಬಂದಿರಲಿಲ್ಲ. ಅದು ಬರದಿದ್ದರೆ ಅಂಗಡಿ ನಿಲ್ಲುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅಪ್ಪನಿಗೂ.

ಆ ದಿನಗಳಲ್ಲಿ ಒಬ್ಬ ತಾಯಿ, ಮಗಳು ಬಂದರು. ತಾಯಿ ಬಾಗಿಲಲ್ಲೇ ನಿಂತಳು. ಕೋಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ನೀವು ಆಳಂದದಾಗ ಇದ್ರಲ್ರಿ?"

ನನಗೂ ಗುರುತು ಹತ್ತಿತು. ಆಳಂದದ ಕಡೆಯ ನಿಂಬರ್ಗಾದವಳು. ಮಗಳ ನಿಶ್ಚಿತಾರ್ಥಕ್ಕೆಂದು ತನಗೊಂದು ನೇರಳೆ ಬಣ್ಣದ ಕುಪ್ಪಸ ಹೊಲಿಸಿಕೊಂಡು ಹೋಗಿ ಮತ್ತೆ ಬಾರದವಳು. ಮಗಳ ಮದುವೆಯ ಸೀರೆಗಳನ್ನು ಅಫಜಲಪುರದಲ್ಲಿರುವ ತನ್ನ ತಂಗಿಯ ಮನೆಯಲ್ಲಿಟ್ಟಿದ್ದಳಂತೆ, ಆ ತಂಗಿಯೇ ಈ ಅಂಗಡಿಯ ಗುರುತು ಹೇಳಿ ಕಳಿಸಿದ್ದಳು. ಇಲ್ಲಿ ಕೂತಿರುವವಳು ನಾನೇ ಎಂದು ಅವರಿಗೆ ಗೊತ್ತಿರಲಿಲ್ಲ.

ಆಳಂದದಲ್ಲಾಗಿದ್ದರೆ ಕೇಳುತ್ತಿರಲಿಲ್ಲ. ಈಗ ಕೇಳಿದೆ. "ಆ ನೇರಳೆ ಜಂಪರ್ ಹ್ಯಾಂಗಾಗಿತ್ರಿ?"

"ಛಲೋ ಆಗಿತ್ರಿ" ಎಂದಳು ತಾಯಿ.

"ಹೇ, ಸುಳ್ಳರಿ!" ಮಗಳು ನಡುವೆ ಬಾಯಿ ಹಾಕಿದಳು. "ಬೀಗತಿಗೆ ಕುಂಕುಮ ಹಚ್ಚಾಕ ಕೈ ಎತ್ತಿದ್ರ ಏಳವಲ್ದು. ಪಾಪ, ಆ ಬೀಗತಿನೇ ಬಗ್ಗಿ ಹಚ್ಚಿಸಿಕೊಂಡ್ರು. ಅಕಿ ಭಾಳ ಉದ್ದ, ನಮ್ಮವ್ವ ಗಿಡ್ಡ!"

"ಸುಮ್ಮನಿರಲೇ ಬಾಯಿಬಡಕಿ" ಎಂದು ತಾಯಿ ಗದರಿದಳು. ಆದರೆ ಅವಳಿಗೂ ನಗು ತಡೆಯಲಾಗಲಿಲ್ಲ. ನನಗೆ ನಗಲಾಗಲಿಲ್ಲ. ಬೀಗರೆಲ್ಲ ನೋಡುತ್ತಿರುವಾಗ ಅರ್ಧಕ್ಕೆ ನಿಂತ ಆ ಕೈ ನನ್ನ ಕಣ್ಣಿಗೆ ಕಟ್ಟಿತು.

ತಾಯಿ ಸೀರೆಯ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ತಾಯಿ, ಮಗಳು, ಅತ್ತಿಗೆಯರು, ಇಡೀ ಮದುವೆಮನೆಯ ಕೆಲಸ ಅದರಲ್ಲಿತ್ತು. ನಾನು ಹೆಚ್ಚು ಮಾತಾಡುವವಳಲ್ಲ. "ರೇಷ್ಮಿ ಈಗ ಕೊಡಬ್ಯಾಡ್ರಿ. ಆ ನೇರಳೆದು ಮೊದಲ ತಂದುಕೊಡ್ರಿ, ಸರಿ ಮಾಡ್ತೇನಿ. ಒಂದು ಅಸ್ತರ್ ಕೊಡ್ತೇನಿ, ಹಾಕ್ಕೊಂಡು ರೊಟ್ಟಿ ಬಡೀರಿ. ಎರಡೂ ಮನಸಿಗೆ ಬಂದ್ರ ಚೀಲ ತರ್ರಿ" ಎಂದಷ್ಟೇ ಹೇಳಿದೆ.

ಅಂದಾಜಿನ ಮೇಲೆ ಕಚ್ಚಾ ಹೊಲಿದ ಅಸ್ತರ್ ತೆಗೆದುಕೊಂಡು ಅವರು ಚೀಲದ ಸಮೇತ ಹೋದರು. ಆ ವಾರ ಅಪ್ಪನ ಫೋನು ಬಂತು. "ಸಾಲಿಯವರು ಮತ್ತ ಕೇಳಾಕತ್ತಾರ. ಏನ ಹೇಳಲಿ?" "ಇನ್ನೊಂದೀಟು ತಡಿಯಪ್ಪ" ಎಂದೆ.

ಅಸ್ತರ್ ತಿರುಗಿ ಬಂತು, ಚೌಡಾಪುರದ ಕಡೆಯ ಬಸ್ಸಿನಲ್ಲಿ, ನಿಂಬರ್ಗಾಕ್ಕೆ ಹೋಗಿದ್ದ ಆ ತಂಗಿಯ ಕೈಯಲ್ಲಿ. ಎರಡೂ ಬಗಲು ಬಿಟ್ಟಿದ್ದವು. ನೇರಳೆ ಕುಪ್ಪಸವೂ ಜೊತೆಗಿತ್ತು. ಅದನ್ನು ಬಿಚ್ಚಿದರೆ ಸಡಿಲಿಸಲು ಒಳಗೆ ಬಟ್ಟೆಯೇ ಇಲ್ಲ, ಆಳಂದದಲ್ಲಿ ನಾನೇ ಚೊಕ್ಕಟವಾಗಿ ಕತ್ತರಿಸಿ ಎಸೆದಿದ್ದೆ. ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಅದೇ ಬಣ್ಣದ ಬಟ್ಟೆ ಹುಡುಕಿ, ಬಗಲ ಕೆಳಗೆ ಒಂದೊಂದು ಚೌಕ ತುಂಡು ಸೇರಿಸಿದೆ. ಕೈ ಕೆಳಗಿದ್ದಾಗ ಅದು ಕಾಣುವುದಿಲ್ಲ, ಕೈ ಎತ್ತಿದರೆ ಮಾತ್ರ ಬಿಚ್ಚಿಕೊಳ್ಳುತ್ತದೆ.

ಅದನ್ನು ಒಯ್ಯಲು ತಾಯಿಯೇ ಬಂದಳು, ಒಬ್ಬಳೇ. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡಳು. ಹೊರಗೆ ಬಂದವಳು "ಛಲೋ ಆಗೇದ" ಎನ್ನಲಿಲ್ಲ.

"ಎಡಕ ಇನ್ನಾ ಜರಾ ಹಿಡೀತದ್ರಿ" ಎಂದಳು.

ಅಂಗಡಿ ಹಾಕಿದಾಗಿನಿಂದ ಒಬ್ಬ ಗಿರಾಕಿ ತನ್ನ ಕುಪ್ಪಸದ ಬಗ್ಗೆ ತಾನೇ ಬಾಯಿಬಿಟ್ಟು ಹೇಳಿದ ಮೊದಲ ತಕರಾರು ಅದು. ನನಗಾದ ಸಂತೋಷವನ್ನು ತೋರಿಸಿಕೊಳ್ಳದೆ ಕುಪ್ಪಸವನ್ನು ಇಸಿದುಕೊಂಡು ಎಡ ಹೊಲಿಗೆ ಬಿಚ್ಚಿದೆ. ಅವಳು ಕೂತು ನೋಡುತ್ತಿದ್ದಳು. ಆಮೇಲೆ ಜೊತೆಗೆ ತಂದಿದ್ದ ಚೀಲಕ್ಕೆ ಕೈ ಹಾಕಿ, ಸೀರೆಗಳ ಅಡಿಯಿಂದ, ಮುದ್ದೆಯಾದ ಒಂದು ಬಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟಳು. ತೇಪೆ ಹಾಕಿದ, ಹೊಗೆಯ ವಾಸನೆಯ ನೂಲಿನ ಕುಪ್ಪಸ.

"ನನ್ನ ಉಳಿದವು ಇದರ ಮ್ಯಾಲ ಹೊಲೀರಿ. ನಗಬ್ಯಾಡ್ರಿ ಮತ್ತ."

"ಇಲ್ರಿ" ಎಂದೆ.

ಸೀರೆಗಳನ್ನು ಒಂದೊಂದಾಗಿ ಹೊರಗೆ ಇಟ್ಟಳು. ಅಂದು ಸಂಜೆ ಅಪ್ಪನಿಗೆ ನಾನೇ ಫೋನು ಮಾಡಿದೆ. "ಸಾಲಿಯವರಿಗೆ ಬರಾಂಗಿಲ್ಲಂತ ಹೇಳಪ್ಪ." ಅವನು, "ಆಯ್ತು. ನಿಮ್ಮವ್ವಗ ಒಂದು ಜಂಪರ್ ಹೊಲಿ, ಎಂದಿನಿಂದ ಕೇಳಾಕತ್ತಾಳ" ಎಂದ.

ಮದುವೆ ಜೇವರ್ಗಿಯಲ್ಲಿ, ಗಂಡಿನವರ ಊರಲ್ಲಿ. ನನಗೂ ಕರೆಯಿತ್ತು. ಚಿಗವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದೆ. ನಾನು ಸೇರಬೇಕಾಗಿದ್ದ ಶಾಲೆ ದಾರಿಯಲ್ಲೇ ಸಿಕ್ಕಿತು. ಮಕ್ಕಳು ಅಂಗಳದಲ್ಲಿ ಕೂಗುತ್ತಿದ್ದರು. ಕಿಟಕಿಯಿಂದ ನೋಡಿದೆ, ಬಸ್ಸು ಮುಂದೆ ಹೋಯಿತು.

ಮಂಟಪದಲ್ಲಿ ತಾಯಿ ನೇರಳೆ ಕುಪ್ಪಸವನ್ನೇ ತೊಟ್ಟಿದ್ದಳು. ಹೊಸ ರೇಷ್ಮೆಯದನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದಳಂತೆ. ವರನ ತಾಯಿ ಎದುರು ಬಂದು ನಿಂತಳು, ಹೇಳಿದಂತೆಯೇ ಬಹಳ ಉದ್ದನೆಯವಳು, ನಿಶ್ಚಿತಾರ್ಥದ ನೆನಪಿನಿಂದಲೋ ಏನೋ ತಾನಾಗಿಯೇ ತಲೆ ಬಗ್ಗಿಸಲು ಹೋದಳು.

"ಬಗ್ಗಬ್ಯಾಡ್ರಿ ಬೀಗತಿ" ಎಂದಳು ತಾಯಿ. ಕುಂಕುಮದ ಬೆರಳನ್ನು ಎತ್ತಿ ನೇರವಾಗಿ ಅವಳ ಹಣೆಗೆ ಹಚ್ಚಿದಳು.