ಹನ್ನೊಂದು ಕೊಡಗಳ ಮೇಷ್ಟ್ರು

ಗೆಳೆಯರೇ, ಇವತ್ತು ಜಗಳೂರಿನ ನಮ್ಮ ಓಣಿಗೆ ನಾಲ್ಕು ದಿನದ ಮೇಲೆ ನೀರಿನ ಟ್ಯಾಂಕರ್ ಬಂತು. ಇಲ್ಲಿ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಕೊಡಗಳು ನಿಲ್ಲುತ್ತವೆ. ನಾನು ನಸುಕಿನಲ್ಲೇ ಹನ್ನೊಂದು ಕೊಡ ಇಟ್ಟು ಜಂಬದಿಂದ ಕಾಯುತ್ತಿದ್ದೆ.

ಪೈಪು ಹಿಡಿದಿದ್ದ ಎದುರುಮನೆ ಗಂಗಮ್ಮ ಕೇಳಿದರು, "ಮನ್ಯಾಗೆ ಎಷ್ಟು ಮಂದಿ ಅದೀರಿ ಮೇಷ್ಟ್ರೆ?"

"ಇಬ್ರು."

"ಹಂಗಾದ್ರೆ ಉಳಿದ ಒಂಬತ್ತು ಮಂದಿನೂ ಕರ್ಕೊಂಡು ಬರ್ರಿ. ಮುಖ ನೋಡಿ ತುಂಬಿಸ್ತೀನಿ."

ಓಣಿಯೆಲ್ಲ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ. ಎರಡು ಕೊಡ ತುಂಬಿದವು. ಉಳಿದ ಒಂಬತ್ತನ್ನು ಹಗ್ಗಕ್ಕೆ ಪೋಣಿಸಿ ಹೆಗಲಿಗೇರಿಸಿ ಹೊರಟರೆ, ದಾರಿಹೋಕರೊಬ್ಬರು ತಡೆದು ಕೇಳಿದರು, "ಕೊಡ ಹೆಂಗೆ ಮಾರ್ತೀರಿ?"

ನಾಳೆ ಕಾಲೇಜಿನಲ್ಲಿ ನನ್ನ ಅರ್ಥಶಾಸ್ತ್ರದ ಪಾಠ: ಕೊರತೆಯ ಕಾಲದಲ್ಲಿ ಹಂಚಿಕೆ. ಮೊದಲ ಬೆಂಚಿನಲ್ಲಿ ಗಂಗಮ್ಮನ ಮೊಮ್ಮಗಳು ಕೂರುತ್ತಾಳೆ.